ಪದಾರ್ಥವನ್ನು ಅರಿತು ಕೊಳ್ಳೋಣ: ಅಮೆರಿಕದ ಏಷ್ಯನ್ ಕಿರಾಣಿ ಅಂಗಡಿಯಲ್ಲಿ ಸಸ್ಯಾಹಾರಿಗಳ ಸಂತೆ

ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳ ಆರೈಕೆಗೆಂದೋ ಅಮೆರಿಕಕ್ಕೆ ಹೋಗಿ ಐದಾರು ತಿಂಗಳು ಇದ್ದು ಬರುವ ಹಿರಿಯರು ನಮ್ಮ ಭಕ್ತವೃಂದದಲ್ಲಿ ಈಗ ಅನೇಕರಿದ್ದಾರೆ. ಹಾಗೆ ಹೋಗಿ ಬಂದ ತಾಯಿಯೊಬ್ಬರು ಶ್ರೀಮಠಕ್ಕೆ ದರ್ಶನಕ್ಕೆ ಬಂದಾಗ ತಮ್ಮ ಸಂಕಟವೊಂದನ್ನು ನಮ್ಮೊಡನೆ ತೋಡಿಕೊಂಡರು. ಮಗಳ ಮನೆಯ ಹತ್ತಿರದ ಏಷ್ಯನ್ ಕಿರಾಣಿ ಅಂಗಡಿಯಿಂದ ತಂದ ಕೆಂಪು ಮೆಣಸಿನಕಾಯಿಯ ಗೊಜ್ಜೊಂದು ನಮ್ಮ ಕಡೆಯ ರಂಜಕದಂತೆಯೇ ಇದೆಯೆಂದು ಅವರು ಎರಡು ತಿಂಗಳ ಕಾಲ ರೊಟ್ಟಿಗೆ ಹಚ್ಚಿಕೊಂಡು ಉಂಡಿದ್ದರು. ಶೀಸೆಯ ಮುಂಭಾಗದಲ್ಲಿದ್ದುದು ಮೆಣಸಿನಕಾಯಿಯ ಚಿತ್ರ ಮಾತ್ರ. ಒಂದು ದಿನ ಶಾಲೆಗೆ ಹೋಗುವ ಮೊಮ್ಮಗಳು ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ, "ಅಜ್ಜಿ, ಇದರಲ್ಲಿ ಸೀಗಡಿ ಇದೆ" ಎಂದಳಂತೆ. "ದಿನವೂ ಲಿಂಗಕ್ಕೆ ಅರ್ಪಿಸಿಯೇ ಉಂಡೆನಲ್ಲ, ನಾನು ಅರ್ಪಿಸಿದ್ದಾದರೂ ಏನನ್ನು?" ಎಂದು ಕೇಳುವಾಗ ಆ ತಾಯಿಯ ಕಣ್ಣು ತುಂಬಿತ್ತು. ಊರಿಗೆ ಮರಳಿದ ಮೇಲೆ ಅವರ ರಕ್ತದೊತ್ತಡವೂ ಮೊದಲಿಗಿಂತ ಏರಿತ್ತು.

ಅರಿಯದೆ ಆದುದಕ್ಕೆ ಮನಸ್ಸನ್ನು ಬೇಯಿಸಿಕೊಳ್ಳಬೇಕಾಗಿಲ್ಲ, ಮುಂದೆ ಅರಿತು ನಡೆಯುವುದೇ ಅದಕ್ಕೆ ಪರಿಹಾರವೆಂದು ಅವರಿಗೆ ಹೇಳಿ ಸಮಾಧಾನಪಡಿಸಿದೆವು. ಪದಾರ್ಥವು ಪ್ರಸಾದವಾಗಬೇಕೆಂಬುದು ಶರಣರ ಮಾರ್ಗ. ಪ್ರಸಾದವಾಗಬೇಕಾದ ಪದಾರ್ಥ ಯಾವುದೆಂಬುದು ಅದನ್ನು ಕೊಳ್ಳುವ ಕೈಗೆ ತಿಳಿದಿರಬೇಕಷ್ಟೆ. ಪರದೇಶದ ಅಂಗಡಿಯಲ್ಲಿ ನಮ್ಮ ವ್ರತವನ್ನೂ ದೇಹಾರೋಗ್ಯವನ್ನೂ ಕಾಯುವುದು ಈ ಒಂದೇ ಅರಿವು. ಆ ದೃಷ್ಟಿಯಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಅಲ್ಲಿನ ಏಷ್ಯನ್ ಕಿರಾಣಿ ಅಂಗಡಿಯಲ್ಲಿ ಏನನ್ನು, ಹೇಗೆ ನೋಡಿ ಕೊಳ್ಳಬೇಕೆಂಬುದನ್ನು ವಿವರಿಸುತ್ತಿದ್ದೇವೆ. ಹೊರಡಲಿರುವ ಹಿರಿಯರು ಇದನ್ನು ಓದಿಕೊಳ್ಳಲಿ. ಅಲ್ಲಿ ನೆಲೆಸಿರುವ ಮಕ್ಕಳಿಗೂ ಓದಿಸಲಿ.

ಅಂಗಡಿಯ ಪರಿಚಯ

ಅಮೆರಿಕದ ವಲಸೆ ಕಾಯಿದೆ 1965ರಲ್ಲಿ ಬದಲಾದ ಬಳಿಕ ಏಷ್ಯಾದ ನಾನಾ ದೇಶಗಳ ಜನರು ಅಲ್ಲಿಗೆ ಹೆಚ್ಚಿನ ಸಂಖ್ಯೆಯಲ್ಲಿ ಹೋಗಿ ನೆಲೆಸಿದರು. ಅವರ ಹಿಂದೆಯೇ ಅವರ ಅಡುಗೆಯ ಸಾಮಗ್ರಿಗಳೂ ಹೋದವು. ಭಾರತೀಯರ ಪಟೇಲ್ ಬ್ರದರ್ಸ್ ಅಂಗಡಿ 1974ರಲ್ಲಿ ಷಿಕಾಗೊ ನಗರದಲ್ಲಿ ಆರಂಭವಾಯಿತು. ಕೊರಿಯನ್ನರ ಎಚ್ ಮಾರ್ಟ್ 1982ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಆರಂಭವಾಯಿತು. ಇವು ದೊಡ್ಡ ಹೆಸರುಗಳು. ಇವುಗಳಲ್ಲದೆ ಚೀನಾ, ವಿಯೆಟ್ನಾಂ, ಥಾಯ್ಲೆಂಡ್, ಫಿಲಿಪ್ಪೀನ್ಸ್ ಮೂಲದವರು ನಡೆಸುವ ಚಿಕ್ಕ ಅಂಗಡಿಗಳು ಅನೇಕ ಊರುಗಳಲ್ಲಿವೆ. ಭಾರತೀಯ ಅಂಗಡಿ ದೂರವಿರುವಲ್ಲಿ ನಮ್ಮವರಿಗೆ ಇಂಥ ಅಂಗಡಿಗಳೇ ಆಸರೆ.

ಒಳಗೆ ಕಾಲಿಟ್ಟಾಗ ಮೀನಿನ ತೊಟ್ಟಿಗಳನ್ನೂ ಮಾಂಸದ ಕಟ್ಟೆಯನ್ನೂ ಕಂಡು ಅನೇಕ ಹಿರಿಯರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ಅವರ ಮುಜುಗರ ಸಹಜವೇ. ಆದರೆ ಅನ್ಯರ ಆಹಾರವನ್ನು ಹೀಗಳೆಯುವುದು ಶರಣರ ನಡೆಯಲ್ಲ, ಅಂಗಡಿಗೆ ಬೆನ್ನು ಮಾಡಿದರೆ ನಷ್ಟವೂ ನಮ್ಮದೇ. ಮಾಂಸದ ಕಟ್ಟೆ ಬಹುಮಟ್ಟಿಗೆ ಅಂಗಡಿಯ ಹಿಂಭಾಗದಲ್ಲೋ ಒಂದು ಪಕ್ಕದಲ್ಲೋ ಇರುತ್ತದೆ. ತರಕಾರಿಯ ಸಾಲು ಬೇರೆಯಾಗಿಯೇ ಇರುತ್ತದೆ. ನಾವು ಮೊದಲು ಹೋಗಬೇಕಾದುದು ಅಲ್ಲಿಗೆ.

ಬೇರೆ ಹೆಸರಿನ ನಮ್ಮ ತರಕಾರಿಗಳು

ಪರದೇಶಕ್ಕೆ ಹೋದವರ ಊಟದಲ್ಲಿ ಮೊದಲು ಕಡಿಮೆಯಾಗುವುದು ತಾಜಾ ಸೊಪ್ಪು ತರಕಾರಿ. ಅದರ ಫಲವಾಗಿ ಮಲಬದ್ಧತೆ, ತೂಕದ ಏರಿಕೆ, ಸಕ್ಕರೆಯ ಏರುಪೇರು ಕಾಣಿಸಿಕೊಳ್ಳಬಹುದು. "ಅಲ್ಲಿ ನಮ್ಮ ತರಕಾರಿ ಸಿಗುವುದಿಲ್ಲ" ಎಂಬ ಮಾತು ಬಹುಪಾಲು ಹೆಸರಿನ ಗೊಂದಲದಿಂದ ಬಂದುದು. 'ಚೈನೀಸ್ ಓಕ್ರಾ' ಎಂಬ ಫಲಕದ ಕೆಳಗಿರುವುದು ಬೆಂಡೆಕಾಯಿಯಲ್ಲ, ನಮ್ಮ ಹೀರೇಕಾಯಿ. 'ಓಪೋ' ಎಂದರೆ ಸೋರೆಕಾಯಿ. 'ವಿಂಟರ್ ಮೆಲನ್' ಬೂದುಗುಂಬಳ, 'ಬಿಟರ್ ಮೆಲನ್' ಹಾಗಲಕಾಯಿ, 'ಡೈಕಾನ್' ಬಿಳಿ ಮೂಲಂಗಿ, 'ಚಾಯೋಟೆ' ಸೀಮೆಬದನೆ, 'ಟಾರೋ' ಕೆಸುವಿನ ಗಡ್ಡೆ. ಮೊಳದುದ್ದದ 'ಲಾಂಗ್ ಬೀನ್' ಅಲಸಂದೆಯ ಎಳೆಗಾಯಿ. ಚೀನಿಯರು 'ಯಿನ್ ಚಾಯ್' ಎನ್ನುವುದು ಹರಿವೆ ಸೊಪ್ಪನ್ನು. ಫಿಲಿಪ್ಪೀನ್ಸಿನವರು 'ಮಲುಂಗ್‌ಗಾಯ್' ಎಂದು ಕರೆದು, ಹಿಮಗಟ್ಟಿಸಿದ ಪೊಟ್ಟಣದಲ್ಲಿ ಮಾರುವುದು ನಮ್ಮ ನುಗ್ಗೆಸೊಪ್ಪನ್ನೇ.

ಇವನ್ನು ಗುರುತಿಸಿಕೊಂಡರೆ ಪಲ್ಯ, ಸಾರು, ಹುಳಿಗೆ ಕೊರತೆಯಾಗದು. ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳಬೇಕು. ಮೊದಲನೆಯದು ಹಾಗಲಕಾಯಿಯದು. ಅದು ಉತ್ತಮ ಆಹಾರವೇ ಹೊರತು ಮಧುಮೇಹದ ಮಾತ್ರೆಗೆ ಬದಲಿಯಲ್ಲ. ಅದರ ರಸವನ್ನು ದಿನವೂ ಹೆಚ್ಚು ಕುಡಿದರೆ, ಮಾತ್ರೆಯನ್ನೂ ನುಂಗುತ್ತಿರುವವರಲ್ಲಿ ಸಕ್ಕರೆ ಅಗತ್ಯಕ್ಕಿಂತ ಕೆಳಗಿಳಿಯಬಹುದು. ಎರಡನೆಯದು ಚಕ್ಕೋತದ್ದು. ಚಳಿಗಾಲದಲ್ಲಿ ಈ ಅಂಗಡಿಗಳಲ್ಲಿ 'ಪೊಮೆಲೋ' ಎಂಬ ಹೆಸರಿನಲ್ಲಿ ಚಕ್ಕೋತ ರಾಶಿಯಾಗಿ ಬರುತ್ತದೆ. ಅದರ ಹತ್ತಿರದ ಸಂಬಂಧಿಯಾದ 'ಗ್ರೇಪ್‌ಫ್ರೂಟ್' ಸಹ ಇರುತ್ತದೆ. ಕೊಬ್ಬಿಳಿಸುವ ಸಿಮ್ವಾಸ್ಟಾಟಿನ್, ಅಟೋರ್ವಾಸ್ಟಾಟಿನ್ ಮೊದಲಾದ ಕೆಲವು ಮಾತ್ರೆಗಳನ್ನೂ ರಕ್ತದೊತ್ತಡದ ಕೆಲವು ಮಾತ್ರೆಗಳನ್ನೂ ಕರಗಿಸಿ ಹೊರಹಾಕುವ ದೇಹದ ಕ್ರಿಯೆಯನ್ನು ಈ ಹಣ್ಣುಗಳು ತಡೆಯುತ್ತವೆ. ಆಗ ಔಷಧವು ರಕ್ತದಲ್ಲಿ ಮಿತಿಮೀರಿ ಉಳಿಯುತ್ತದೆ. ಇಂಥ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಈ ಹಣ್ಣುಗಳನ್ನು ತಿನ್ನಬಾರದು.

ಹಿಂಭಾಗದ ಅಕ್ಷರಗಳು

ತರಕಾರಿಯ ಸಾಲನ್ನು ದಾಟಿ ಶೀಸೆ, ಡಬ್ಬಿ, ಪೊಟ್ಟಣಗಳ ಸಾಲಿಗೆ ಬಂದಾಗ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಭಾರತದಲ್ಲಿ ಪೊಟ್ಟಣದ ಮೇಲೆ ಸಸ್ಯಾಹಾರಕ್ಕೆ ಹಸಿರು ಚುಕ್ಕೆಯನ್ನು ಮುದ್ರಿಸಬೇಕೆಂಬ ನಿಯಮವಿರುವುದರಿಂದ ನಾವು ಚುಕ್ಕೆ ನೋಡಿ ಕೊಳ್ಳುವ ರೂಢಿಯವರು. ಅಮೆರಿಕದಲ್ಲಿ ಅಂಥ ನಿಯಮವಿಲ್ಲ. ಚುಕ್ಕೆಯಿಲ್ಲವೆಂದರೆ ಮಾಂಸಾಹಾರವೆಂದೂ ಅಲ್ಲ, ಸಸ್ಯಾಹಾರವೆಂದೂ ಅಲ್ಲ. ಅಲ್ಲಿ ನಂಬಬೇಕಾದುದು ಹಿಂಭಾಗದ ಘಟಕಗಳ ಪಟ್ಟಿಯನ್ನು ಮಾತ್ರ. ಆ ಪಟ್ಟಿಯಲ್ಲಿ ತೂಕದಲ್ಲಿ ಹೆಚ್ಚಿರುವುದು ಮೊದಲು, ಕಡಿಮೆಯಿರುವುದು ಕೊನೆಗೆ ಬರುತ್ತದೆ.

ಪಟ್ಟಿಯ ಕೊನೆಯಲ್ಲಿ 'ಕಂಟೇನ್ಸ್' ಎಂದು ಆರಂಭವಾಗುವ ಸಾಲೊಂದು ಅನೇಕ ಪೊಟ್ಟಣಗಳ ಮೇಲಿರುತ್ತದೆ. ಒಗ್ಗದಿಕೆ ಇರುವವರ ರಕ್ಷಣೆಗಾಗಿ 2004ರಲ್ಲಿ ಆದ ಕಾಯಿದೆಯಂತೆ ಹಾಲು, ಮೊಟ್ಟೆ, ಮೀನು, ಸೀಗಡಿ-ಏಡಿಯ ಜಾತಿ, ಮರದ ಬೀಜಗಳು, ಶೇಂಗಾ, ಗೋಧಿ, ಸೋಯಾ ಇವು ಇದ್ದರೆ ತಿಳಿಸಲೇಬೇಕು. 2023ರಿಂದ ಎಳ್ಳೂ ಸೇರಿದೆ. ಮೀನು, ಮೊಟ್ಟೆ, ಸೀಗಡಿಗಳನ್ನು ಬೇಗ ಪತ್ತೆ ಮಾಡಲು ಈ ಸಾಲು ನಮಗೆ ಉಪಕಾರಿ. ಆದರೆ ಇದನ್ನಷ್ಟೇ ಓದಿ ಬಿಟ್ಟರೆ ಮೋಸಹೋಗುತ್ತೇವೆ. ಕೋಳಿಯ ಪುಡಿ, ಹಂದಿಯ ಕೊಬ್ಬು, ಜೆಲಟಿನ್ ಇವು ಆ ಕಾಯಿದೆಯ ಒಗ್ಗದಿಕೆಯ ಪಟ್ಟಿಯಲ್ಲಿಲ್ಲ. ಸಿಂಪಿಯ ಜಾತಿಯೂ ಇಲ್ಲ. ಹೀಗಾಗಿ ಸಿಂಪಿಯ ರಸದಿಂದ ಮಾಡಿದ 'ಆಯ್‌ಸ್ಟರ್ ಸಾಸ್' ಶೀಸೆಯ ಕೊನೆಯ ಸಾಲಿನಲ್ಲಿ ಗೋಧಿ, ಸೋಯಾ ಮಾತ್ರ ಕಾಣಿಸಬಹುದು. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ಪೂರ್ತಿ ಓದಬೇಕು.

ಗುರುತಿಟ್ಟುಕೊಳ್ಳಬೇಕಾದ ಪದಗಳು ಹೆಚ್ಚಿಲ್ಲ. ಫಿಶ್ ಸಾಸ್, ಆಂಚೊವಿ, ಬೊನಿಟೊ ಎಂದರೆ ಮೀನು; 'ದಾಶಿ' ಎಂಬ ಜಪಾನೀ ಸಾರಿನ ತಿಳಿಯಲ್ಲಿಯೂ ಸಾಮಾನ್ಯವಾಗಿ ಮೀನೇ ಇರುತ್ತದೆ. ಶ್ರಿಂಪ್, ಪ್ರಾನ್, ಬೆಲಚಾನ್, ತೆರಾಸಿ ಎಂದರೆ ಸೀಗಡಿ. ಲಾರ್ಡ್ ಎಂದರೆ ಹಂದಿಯ ಕೊಬ್ಬು. ಟ್ಯಾಲೋ ಎಂದರೆ ದನದ ಕೊಬ್ಬು. ಜೆಲಟಿನ್ ಪ್ರಾಣಿಗಳ ಚರ್ಮ, ಮೂಳೆಗಳಿಂದ ಬಂದುದು. ಮಕ್ಕಳ ಮೆತ್ತನೆಯ ಮಿಠಾಯಿಗಳಲ್ಲಿ ಬಹಳವಾಗಿ ಇರುತ್ತದೆ. ಕಾರ್ಮೈನ್ ಎಂಬ ಕೆಂಪು ಬಣ್ಣ ಕೀಟದಿಂದ ತೆಗೆದುದು. ಥಾಯ್ ಕೆಂಪು ಮಸಾಲೆಯ ಗೊಜ್ಜಿನಲ್ಲಿ ಸೀಗಡಿಯೂ ಕೊರಿಯದ 'ಕಿಮ್ಚಿ' ಎಂಬ ಉಪ್ಪಿನಕಾಯಿಯಲ್ಲಿ ಮೀನು ಅಥವಾ ಸೀಗಡಿಯೂ ಇರುವುದು ವಾಡಿಕೆ. ನೂಡಲ್ಸ್ ಪೊಟ್ಟಣದ ಮೇಲೆ ಗಜ್ಜರಿ, ಬಟಾಣಿಯ ಚಿತ್ರವಿದ್ದ ಮಾತ್ರಕ್ಕೆ ಒಳಗಿನ ಮಸಾಲೆ ಸಸ್ಯಾಹಾರವೆಂದು ತಿಳಿಯಬಾರದು.

ಇದರೊಂದಿಗೆ ಸಂತೋಷದ ಸಂಗತಿಯೊಂದಿದೆ. ಆ ದೇಶಗಳಲ್ಲಿಯೂ ಬೌದ್ಧ ಸಂಪ್ರದಾಯದ ಸಸ್ಯಾಹಾರಿಗಳು ನೂರಾರು ವರ್ಷಗಳಿಂದ ಇದ್ದಾರೆ. ಅವರಿಗಾಗಿ ಮಾಡಿದ ಪದಾರ್ಥಗಳ ಮೇಲೆ ಚೀನೀ ಭಾಷೆಯಲ್ಲಿ 'ಸೂ', ವಿಯೆಟ್ನಾಮಿನ ಭಾಷೆಯಲ್ಲಿ 'ಚಾಯ್', ಥಾಯ್ ಭಾಷೆಯಲ್ಲಿ 'ಜೇ' ಎಂಬ ಗುರುತು ಇರುತ್ತದೆ. ಅಣಬೆಯಿಂದ ಮಾಡಿದ ಸಸ್ಯಾಹಾರಿ 'ಆಯ್‌ಸ್ಟರ್ ಸಾಸ್' ಕೂಡ ದೊರೆಯುತ್ತದೆ. ಚೀನೀ ಗುರುತಿನ ಕೆಲವು ಪದಾರ್ಥಗಳಲ್ಲಿ ಮೊಟ್ಟೆ ಇರಬಹುದಾದ್ದರಿಂದ ಪಟ್ಟಿಯನ್ನು ಓದುವುದನ್ನು ಮಾತ್ರ ಬಿಡಬಾರದು. ಸಂದೇಹ ಬಂದಾಗ ಅಂಗಡಿಯವರನ್ನು ವಿನಯದಿಂದ ಕೇಳಿದರೆ, "ಇದು ಬೇಡ, ಅದನ್ನು ಕೊಳ್ಳಿ" ಎಂದು ತಾವೇ ತೋರಿಸಿಕೊಡುವವರಿದ್ದಾರೆ.

ಕಾಣದ ಉಪ್ಪು

ಪದಾರ್ಥ ಸಸ್ಯಾಹಾರವಾದ ಮಾತ್ರಕ್ಕೆ ಆರೋಗ್ಯಕರವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ದಿನಕ್ಕೆ 5 ಗ್ರಾಂ ಉಪ್ಪಿಗಿಂತ, ಎಂದರೆ 2000 ಮಿಲಿಗ್ರಾಂ ಸೋಡಿಯಂಗಿಂತ, ಕಡಿಮೆ ಸೇವಿಸಬೇಕು. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಎರಡು ಚಮಚಕ್ಕೆ ದಿನದ ಪಾಲು ಬಹುತೇಕ ಮುಗಿಯಿತು. ಸಾರು, ಚಟ್ನಿ, ಹಪ್ಪಳ, ಉಪ್ಪಿನಕಾಯಿಗಳ ಲೆಕ್ಕ ಇನ್ನೂ ಬೇರೆ. ದಿಢೀರ್ ನೂಡಲ್ಸಿನ ಒಂದೇ ಪೊಟ್ಟಣದಲ್ಲಿ 1500 ಮಿಲಿಗ್ರಾಂ ಮೀರಿದ ಸೋಡಿಯಂ ಇರುವುದುಂಟು. ಮೇಲೆ ಹೇಳಿದ ತಾಯಿಯ ರಕ್ತದೊತ್ತಡ ಏರಲು ಬೇರೆ ಕಾರಣಗಳೂ ಇದ್ದಿರಬಹುದು; ಆದರೆ ದಿನಕ್ಕೆರಡು ಬಾರಿ ಉಂಡ ಆ ಗೊಜ್ಜಿನ ಉಪ್ಪು ಅವರ ಲೆಕ್ಕಕ್ಕೆ ಬಂದಿರಲೇ ಇಲ್ಲ.

ಪೊಟ್ಟಣದ ಹಿಂದಿನ ಪೋಷಕಾಂಶಗಳ ಚೌಕದಲ್ಲಿ 'ಸೋಡಿಯಂ' ಎಂಬ ಸಾಲಿನ ಮುಂದೆ ಶೇಕಡಾ ಲೆಕ್ಕವಿರುತ್ತದೆ. ಶೇಕಡಾ 5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಲ್ಪ, 20 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ. ಇದು ಒಂದು ಬಡಿಸುವಿಕೆಯ ಲೆಕ್ಕವೆಂಬುದನ್ನು ಮರೆಯಬಾರದು. ಒಂದೇ ಪೊಟ್ಟಣದಲ್ಲಿ ಎರಡು ಬಡಿಸುವಿಕೆಗಳಿವೆಯೆಂದು ಬರೆದಿದ್ದರೆ, ಪೂರ್ತಿ ಉಂಡವರು ಅಂಕಿಯನ್ನು ಇಮ್ಮಡಿಗೊಳಿಸಿಕೊಳ್ಳಬೇಕು. ಸೋಯಾ ಸಾಸ್ ಬೇಕೇಬೇಕೆಂದರೆ ಸೋಡಿಯಂ ಕಡಿಮೆ ಮಾಡಿದ್ದನ್ನು ಆರಿಸಿಕೊಂಡು, ಶೀಸೆಯಿಂದ ನೇರವಾಗಿ ಸುರಿಯದೆ ಚಮಚದಲ್ಲಿ ಅಳೆದು ಹಾಕಬೇಕು. ಉಪ್ಪಿಗೆ ಬದಲಾಗಿ ಮಾರುವ ಪೊಟ್ಯಾಸಿಯಂ ಲವಣವನ್ನು ಮೂತ್ರಪಿಂಡದ ತೊಂದರೆಯಿರುವವರು ವೈದ್ಯರ ಅನುಮತಿಯಿಲ್ಲದೆ ಬಳಸಬಾರದು. ನಿಂಬೆರಸ, ಹುಣಸೆ, ಶುಂಠಿ, ಕರಿಬೇವು, ಹುರಿದ ಎಳ್ಳು ಇವು ಉಪ್ಪಿನ ಆಸೆಯನ್ನು ತಗ್ಗಿಸಿ ರುಚಿ ಕೊಡುತ್ತವೆ. ಇವೆಲ್ಲವೂ ಈ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವಂಥವೇ.

ಹಿಟ್ಟು, ಕಾಳು, ಮಸಾಲೆ

ಅಕ್ಕಿಹಿಟ್ಟು ಕೊಳ್ಳುವಾಗ 'ಗ್ಲೂಟಿನಸ್' ಎಂಬ ಪದವಿದೆಯೇ ನೋಡಬೇಕು. ಅದು ಅಂಟಕ್ಕಿಯ ಹಿಟ್ಟು. ಅದರಲ್ಲಿ ರೊಟ್ಟಿ ತಟ್ಟಲು ಹೋದರೆ ಹಂಚಿಗೂ ಕೈಗೂ ಮೆತ್ತಿಕೊಳ್ಳುತ್ತದೆ. ಒಂದೇ ಕಂಪನಿಯ ಎರಡು ಹಿಟ್ಟುಗಳ ಪೊಟ್ಟಣಗಳು ಬಣ್ಣದಲ್ಲಿ ಮಾತ್ರ ಬೇರೆಯಾಗಿರುವುದುಂಟು. ಜೋಳದ ಹಿಟ್ಟು, ರಾಗಿಹಿಟ್ಟುಗಳಿಗೆ ಭಾರತೀಯ ಅಂಗಡಿಗೇ ಹೋಗಬೇಕಾದೀತು. ಅಲ್ಲಿ ದಿನಾಂಕವನ್ನು ನೋಡಿ ಚಿಕ್ಕ ಪೊಟ್ಟಣವನ್ನೇ ಕೊಳ್ಳುವುದು ಮೇಲು. ಬೀಸಿ ಬಹುಕಾಲವಾದ ಜೋಳದ ಹಿಟ್ಟಿಗೆ ಜಿಗುಟು ಇರದೆ ರೊಟ್ಟಿ ಬಿರಿಯುತ್ತದೆ. ಕುದಿಯುವ ನೀರಿನಲ್ಲಿ ನಾದಿದರೆ ಸ್ವಲ್ಪ ಸುಧಾರಿಸುತ್ತದೆ. ಉಳಿದ ಹಿಟ್ಟನ್ನು ಶೀತಕ ಪೆಟ್ಟಿಗೆಯಲ್ಲಿಡಬೇಕು. ಮಧುಮೇಹಿಗಳು ಬಿಳಿ ಅನ್ನವೊಂದನ್ನೇ ಆಶ್ರಯಿಸದೆ ಈ ರೊಟ್ಟಿ ಮುದ್ದೆಗಳನ್ನು ಅಲ್ಲಿಯೂ ಬಿಡದಿರುವುದು ಹಿತ.

ಹೆಸರುಕಾಳು, ಹೆಸರುಬೇಳೆ, ಶೇಂಗಾ, ಎಳ್ಳು ಬಹುತೇಕ ಎಲ್ಲ ಏಷ್ಯನ್ ಅಂಗಡಿಗಳಲ್ಲಿ ದೊರೆಯುತ್ತವೆ. ಸೋಯಾ ಹಾಲನ್ನು ಒಡೆದು ಗಟ್ಟಿಮಾಡಿದ 'ಟೋಫು' ಹಲ್ಲಿಲ್ಲದ ಹಿರಿಯರಿಗೂ ಸುಲಭವಾದ ಸಸ್ಯಜನ್ಯ ಪ್ರೋಟೀನು. ಗಟ್ಟಿಯಾದುದನ್ನು ಕೊಂಡು, ನೀರು ಹಿಂಡಿ, ಒಗ್ಗರಣೆಯಲ್ಲಿ ಪಲ್ಯದಂತೆ ಮಾಡಿಕೊಳ್ಳಬಹುದು. ಆದರೆ ಅದರಲ್ಲಿ ಬಿ12 ಜೀವಸತ್ವ ಸಹಜವಾಗಿ ಇರುವುದಿಲ್ಲ. ಅದಕ್ಕೆ ಸಸ್ಯಾಹಾರಿಗಳು ಹಾಲು ಮೊಸರನ್ನೂ ಅಗತ್ಯವಿದ್ದರೆ ವೈದ್ಯರು ಹೇಳಿದ ಮಾತ್ರೆಯನ್ನೂ ಅವಲಂಬಿಸಬೇಕು.

ಮಸಾಲೆಯ ವಿಷಯದಲ್ಲಿ ಬಣ್ಣಕ್ಕೆ ಮರುಳಾಗಬಾರದು. ಅರಿಸಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ವಿಷಕಾರಿ ಬಣ್ಣವನ್ನು ಬಾಂಗ್ಲಾದೇಶದಲ್ಲಿ ಬೆರೆಸುತ್ತಿದ್ದುದು 2019ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಬಯಲಾಯಿತು. ಹೆಸರು ವಿಳಾಸವಿಲ್ಲದ ಬಿಡಿ ಪೊಟ್ಟಣದ ಪುಡಿಯನ್ನು ಕೊಳ್ಳದೆ, ತಯಾರಕರ ವಿವರವಿರುವ ಮುಚ್ಚಿದ ಪೊಟ್ಟಣವನ್ನೇ ಕೊಳ್ಳಬೇಕು. ಇಂಗಿನ ಪುಡಿಯಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟು. ಗೋಧಿ ಒಗ್ಗದವರು ಅದನ್ನೂ ಓದಿ ನೋಡಬೇಕು.

ಪಾತ್ರೆ ಪರಡಿ

ಈ ಅಂಗಡಿಗಳ ಇನ್ನೊಂದು ಸಾಲಿನಲ್ಲಿ ಪಾತ್ರೆಗಳಿರುತ್ತವೆ. 'ವೋಕ್' ಎಂಬ ಚೀನೀ ಬಾಣಲೆ ನಮ್ಮ ಕಬ್ಬಿಣದ ಬಾಣಲೆಯ ಬಳಗದ್ದು. ಪಲ್ಯ, ಒಗ್ಗರಣೆ, ಹುರಿಯುವ ಕೆಲಸಕ್ಕೆ ಯೋಗ್ಯ. ಗುಂಡು ತಳದ್ದು ಗ್ಯಾಸಿನ ಒಲೆಗೆ ಸರಿ. ವಿದ್ಯುತ್ ಒಲೆಯಿರುವ ಮನೆಗೆ ಚಪ್ಪಟೆ ತಳದ್ದು ಬೇಕು. ಇಂಡಕ್ಷನ್ ಒಲೆಯಾದರೆ ಪಾತ್ರೆಯ ತಳಕ್ಕೆ ಅಯಸ್ಕಾಂತ ಹಿಡಿಯುವುದೇ ಎಂದು ನೋಡಿ ಕೊಳ್ಳಬೇಕು. ಕಬ್ಬಿಣದ ಬಾಣಲೆಯನ್ನು ಮೊದಲು ತೊಳೆದು, ಕಾಯಿಸಿ, ತೆಳುವಾಗಿ ಎಣ್ಣೆ ಸವರಿ ಪಳಗಿಸಬೇಕು. ಹುಳಿ ಪದಾರ್ಥವನ್ನು ಅದರಲ್ಲಿ ಬಹಳ ಹೊತ್ತು ಕುದಿಸಿದರೆ ಪಳಗಿದ ಪದರ ಕಳಚಿ ಅಡುಗೆ ಕಪ್ಪಾಗುತ್ತದೆ. ಸಾರು, ಹುಳಿ, ಗೊಜ್ಜುಗಳಿಗೆ ಸ್ಟೀಲಿನ ಪಾತ್ರೆಯೇ ಉತ್ತಮ. ಬಿದಿರಿನ ಹಬೆಬುಟ್ಟಿ ಕಡಬು ಬೇಯಿಸಲು ಅನುಕೂಲ. ಅಂಟದ ಲೇಪದ ಬಾಣಲೆಯನ್ನು ಖಾಲಿಯಾಗಿ ಒಲೆಯ ಮೇಲೆ ಅತಿಯಾಗಿ ಕಾಯಿಸಬಾರದು.

ಅಲ್ಯೂಮಿನಿಯಂ, ಹಿತ್ತಾಳೆಯ ಪಾತ್ರೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಆಮದಾದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಹಾಗೂ ಹಿಂಡಾಲಿಯಂ ಪಾತ್ರೆಗಳಿಂದ ಸೀಸವು ಅಡುಗೆಗೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಎಚ್ಚರಿಕೆ ನೀಡಿತು. ಸೀಸಕ್ಕೆ 'ಇಷ್ಟರವರೆಗೆ ಅಪಾಯವಿಲ್ಲ' ಎಂಬ ಮಿತಿಯೇ ಇಲ್ಲ. ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೂ ಗರ್ಭಿಣಿಯರಿಗೂ ಅದು ಹೆಚ್ಚು ಹಾನಿಕರ. ಬಾಣಂತನಕ್ಕೆಂದು ಹೋಗುವ ತಾಯಂದಿರು ಊರಿನ ಹಳೆಯ ಹಿಂಡಾಲಿಯಂ ಬೋಗುಣಿಯನ್ನು ಪ್ರೀತಿಯಿಂದ ಹೊತ್ತೊಯ್ಯುವ ಮೊದಲು ಇದನ್ನು ನೆನೆಯಲಿ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಹುಳಿ ಪದಾರ್ಥ ಮಾಡಬಾರದೆಂಬುದು ನಮ್ಮ ಹಿರಿಯರಿಗೆ ತಿಳಿದುದೇ. ಅಲಂಕಾರಕ್ಕೆಂದು ಮಾರುವ ಬಣ್ಣದ ಮಣ್ಣಿನ ಪಾತ್ರೆಗಳಲ್ಲಿಯೂ ಅಡುಗೆ ಸಲ್ಲದು. ಅವುಗಳ ಮೆರುಗಿನಲ್ಲಿ ಸೀಸವಿರಬಹುದು.

ಇನ್ನೊಂದು ಮಾತು. ಅಮೆರಿಕದ ಮನೆಗಳ ವಿದ್ಯುತ್ತು 120 ವೋಲ್ಟಿನದು, ನಮ್ಮದು 230. ಇಲ್ಲಿಂದ ಒಯ್ದ ಮಿಕ್ಸರು ಅಲ್ಲಿ ಸರಿಯಾಗಿ ತಿರುಗದು. ಅಲ್ಲಿನ ವಿದ್ಯುತ್ತಿಗೆ ಹೊಂದುವ ರುಬ್ಬುವ ಯಂತ್ರಗಳು ಅಲ್ಲಿನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತವೆ. ಏಷ್ಯನ್ ಅಂಗಡಿಯ ಕಲ್ಲಿನ ಕುಟ್ಟಾಣಿಯೊಂದಿದ್ದರೆ ಚಟ್ನಿಗೆ ಅದೇ ಸಾಕು.

ಕೊನೆಯ ಮಾತು

ಇಷ್ಟೆಲ್ಲ ನೆನಪಿಡುವುದು ಕಷ್ಟವೆನಿಸಿದರೆ ಮೂರು ನಿಯಮಗಳನ್ನು ಪಾಲಿಸಿದರೆ ಸಾಕು. ಬುಟ್ಟಿಯ ಅರ್ಧ ಭಾಗ ಸೊಪ್ಪು ತರಕಾರಿಯಿಂದ ತುಂಬಿದ ಮೇಲೆಯೇ ಪೊಟ್ಟಣಗಳ ಸಾಲಿಗೆ ಹೋಗಬೇಕು. ಹಿಂಭಾಗವನ್ನು ಪೂರ್ತಿ ಓದದೆ ಯಾವ ಶೀಸೆಯನ್ನೂ ಬುಟ್ಟಿಗೆ ಹಾಕಬಾರದು. ಓದಲಾಗದ್ದನ್ನು ಓದಬಲ್ಲವರಿಂದ ಓದಿಸಿಕೊಳ್ಳಬೇಕು. ಅದಕ್ಕೆ ಸಂಕೋಚ ಬೇಡ. ಬಸವ ಜಯಂತಿಯಂಥ ಸಂದರ್ಭಗಳಲ್ಲಿ ಅಲ್ಲಿ ನಮ್ಮವರು ಕೂಡಿ ದಾಸೋಹ ಮಾಡುವಾಗಲಂತೂ ಈ ನಿಯಮಗಳು ಇನ್ನೂ ಅಗತ್ಯ. ಒಬ್ಬರ ಕೈಯ ಅಜಾಗರೂಕತೆ ನೂರು ಜನರ ಎಡೆಗೆ ಬರುತ್ತದೆ.

ಆ ತಾಯಿ ಈ ವರ್ಷ ಮತ್ತೆ ಮಗಳ ಊರಿಗೆ ಹೋಗಿದ್ದಾರೆ. ವಾರಕ್ಕೊಮ್ಮೆ ಮೊಮ್ಮಗಳ ಕೈಹಿಡಿದು ಅದೇ ಅಂಗಡಿಗೆ ಹೋಗುತ್ತಾರಂತೆ. ಮೊಮ್ಮಗಳು ಇಂಗ್ಲಿಷಿನ ಅಕ್ಷರಗಳನ್ನು ಓದಿ ಹೇಳುತ್ತಾಳೆ. ಅಜ್ಜಿ ಹೀರೇಕಾಯಿ, ಸೋರೆಕಾಯಿ, ಹರಿವೆ ಸೊಪ್ಪುಗಳ ಕನ್ನಡದ ಹೆಸರುಗಳನ್ನು ಅವಳಿಗೆ ಕಲಿಸುತ್ತಾರೆ. ರಂಜಕವನ್ನು ಈಗ ಮನೆಯಲ್ಲಿಯೇ, ಉಪ್ಪು ಅಳೆದು ಹಾಕಿ, ಕಲ್ಲಿನ ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುತ್ತಿರುವುದಾಗಿ ದೂರವಾಣಿಯಲ್ಲಿ ತಿಳಿಸಿದರು. ಪರದೇಶದಲ್ಲಿರುವ ನಮ್ಮೆಲ್ಲ ಭಕ್ತರ ಮನೆಗಳಲ್ಲಿಯೂ ಅರಿವಿನಿಂದ ಕೊಂಡ ಪದಾರ್ಥವೇ ಪ್ರಸಾದವಾಗಲಿ, ಅದರಿಂದ ಅವರ ಕಾಯವೂ ಮನವೂ ಸ್ವಸ್ಥವಾಗಿರಲಿ ಎಂದು ಹಾರೈಸುತ್ತೇವೆ.